ಕಾವಲಿಗೆ ಕೂತವರು: ಹಿತ್ತಲ ಬೇಲಿಯ ಚರಿತ್ರೆ

ಕಾಯಬೇಕಾದವರೇ ಕೊಳ್ಳೆ ಹೊಡೆದ ಸುದ್ದಿ ಬಂದಾಗಲೆಲ್ಲ ‘ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು’ ಎನ್ನುತ್ತೇವೆ. ಕಾಪಾಡಬೇಕಾದದ್ದೇ ಕೇಡಿಗೆ ನಿಂತರೆ ಯಾರಲ್ಲಿ ದೂರುವುದು ಎಂದು ಹನ್ನೆರಡನೆಯ ಶತಮಾನದ ಬಸವಣ್ಣನವರು ಕೇಳುವ ಒಂದು ವಚನದಲ್ಲೂ ಬೇಲಿಯ ಈ ಹೋಲಿಕೆ ಬರುತ್ತದೆ. ಎಂಟುನೂರು ವರ್ಷ ಬಾಳಿದ ಮಾತು ಇದು. ಆದರೆ ಗಾದೆ ಹೇಳುವಾಗ ನಮ್ಮ ಲಕ್ಷ್ಯವೆಲ್ಲ ಮೇಯುವುದರ ಕಡೆಗೆ ಹೋಗುತ್ತದೆ, ಬೇಲಿಯ ಕಡೆಗಲ್ಲ. ಆ ಬೇಲಿ ಯಾವುದರಿಂದ ಮಾಡಿದ್ದು? ಅದನ್ನು ಯಾರು ಕಟ್ಟಿದರು? ಯಾರ ದನವನ್ನು ತಡೆಯಲು? ದನ ನುಗ್ಗಿದರೆ ನಷ್ಟ ಯಾರ ತಲೆಯ ಮೇಲೆ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಹಿತ್ತಲಿನ ಬದನೆ ಗಿಡದ ಸುತ್ತ ನಾಡಿನ ಚರಿತ್ರೆಯ ದೊಡ್ಡ ಭಾಗವೇ ಸುತ್ತಿಕೊಂಡಿರುವುದು ಕಾಣುತ್ತದೆ.

ತರಕಾರಿ ಬೆಳೆಯುವವರಿಗೆ ಎರಡು ಬಗೆಯ ಕಾಟ. ಒಂದು ಸಾಕಿದ್ದರದ್ದು. ಮನೆಯದೇ ಕೋಳಿ ಆಗ ತಾನೇ ಬಿತ್ತಿದ ಕೊತ್ತಂಬರಿಯ ಮಡಿಯನ್ನು ಕೆದರುತ್ತದೆ, ಮನೆಯದೇ ನಾಯಿ ತಂಪು ಮಣ್ಣು ಹುಡುಕಿ ಸೊಪ್ಪಿನ ಮೇಲೆ ಮಲಗುತ್ತದೆ, ಪಕ್ಕದ ಮನೆಯ ಆಡು ಬೆಂಡೆಯ ಚಿಗುರು ಕಚ್ಚುತ್ತದೆ. ಇನ್ನೊಂದು ಕಾಡಿನದು. ಹಂದಿ, ಮುಳ್ಳುಹಂದಿ, ಮಂಗ, ನವಿಲು, ಕಾಡಂಚಿನಲ್ಲಾದರೆ ಆನೆ. ಗಿಡಕ್ಕೆ ಎರಡೂ ಒಂದೇ. ಮನುಷ್ಯರಿಗೆ ಮಾತ್ರ ಒಂದೇ ಅಲ್ಲ. ಆಡಿಗೆ ಒಡೆಯರಿದ್ದಾರೆ, ಅವರ ಮನೆ ಬಾಗಿಲಿಗೆ ಹೋಗಿ ಜಗಳ ಆಡಬಹುದು. ಹಂದಿಯ ಪರವಾಗಿ ಬಾಗಿಲು ತೆರೆಯುವವರು ಯಾರೂ ಇಲ್ಲ. ಬೇಲಿಯ ಚರಿತ್ರೆ ಎಂದರೆ ಮುಖ್ಯವಾಗಿ ಈ ವ್ಯತ್ಯಾಸದ ಚರಿತ್ರೆ. ಬೆಳೆಗೂ ಬಾಯಿಗೂ ನಡುವೆ ಯಾರು ನಿಲ್ಲಬೇಕು, ತಪ್ಪಿದರೆ ನಷ್ಟ ಯಾರದ್ದು ಎಂಬುದನ್ನು ಪ್ರತಿ ಕಾಲವೂ ತನ್ನದೇ ರೀತಿಯಲ್ಲಿ ತೀರ್ಮಾನಿಸಿದೆ.

ಮೊದಲು ಹೊಲಕ್ಕೂ ಹಿತ್ತಲಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಬಯಲುಸೀಮೆಯಲ್ಲಿ ಹೊಲದ ಬೇಲಿ ವರ್ಷವಿಡೀ ನಿಲ್ಲುವಂಥದ್ದಾಗಿರಲಿಲ್ಲ. ಬಿತ್ತನೆಯಾದ ಮೇಲೆ ಜಾಲಿಮುಳ್ಳು ಕಡಿದು ತಂದು ದಾರಿಯಂಚಿಗೆ ಒಡ್ಡುತ್ತಿದ್ದರು. ಕಟಾವು ಮುಗಿದ ಮೇಲೆ ಅದೇ ಒಣಮುಳ್ಳು ಒಲೆಗೆ ಹೋಗುತ್ತಿತ್ತು. ಆಮೇಲೆ ಹೊಲ ಊರಿನ ದನಗಳಿಗೆಲ್ಲ ಬಯಲು. ಕುರುಬರ ಮಂದೆಯನ್ನಂತೂ ಕರೆದು ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಕೊಡುವ ರೂಢಿಯಿತ್ತು. ಅಂದರೆ ಅದೇ ಪ್ರಾಣಿ ಆರು ತಿಂಗಳು ಕಳ್ಳ, ಆರು ತಿಂಗಳು ನೆಂಟ. ಹಿತ್ತಲು ಹಾಗಲ್ಲ. ಬಚ್ಚಲ ನೀರು ಹರಿಯುವ ಕಡೆ ಬಸಳೆ, ಕೆಸು, ಬಾಳೆ. ಆಚೆಗೆ ಬದನೆ, ಮೆಣಸಿನಕಾಯಿ, ಹೀರೆಯ ಚಪ್ಪರ. ಅಲ್ಲಿ ಹನ್ನೆರಡು ತಿಂಗಳೂ ಏನಾದರೊಂದು ಹಸಿರು ಇರಲೇಬೇಕು. ಅದನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚಾಗಿ ಹೆಂಗಸರು. ಹಾಗಾಗಿ ಒಣಮುಳ್ಳಿನ ಬೇಲಿ ಹಿತ್ತಲಿಗೆ ಸಾಲುತ್ತಿರಲಿಲ್ಲ. ಅಲ್ಲಿಗೆ ಬೇಕಾದದ್ದು ಬೇರುಬಿಟ್ಟು ಬೆಳೆಯುವ ಬೇಲಿ.

ಹಸಿರುಬೇಲಿಗೆ ಗಿಡ ಆರಿಸುವುದರಲ್ಲಿ ದೊಡ್ಡ ತಿಳಿವಳಿಕೆ ಅಡಗಿದೆ. ಹಾಲು ಸುರಿಸುವ ಕಳ್ಳಿ, ಕಹಿವಾಸನೆಯ ಲಕ್ಕಿ, ಮರಹರಳು, ಚೂಪು ಎಲೆಯ ಕತ್ತಾಳೆ, ಕೊಕ್ಕೆಮುಳ್ಳಿನ ಸೀಗೆ. ಇವುಗಳಲ್ಲಿ ಕೆಲವು ಚುಚ್ಚಿ ತಡೆಯುತ್ತವೆ, ಕೆಲವು ಬಾಯಿಗೆ ರುಚಿಸದೆ ತಡೆಯುತ್ತವೆ. ‘ಆಡು ಮುಟ್ಟದ ಸೊಪ್ಪಿಲ್ಲ’ ಎನ್ನುವ ಅದೇ ಕನ್ನಡ, ಆಡುಸೋಗೆಯನ್ನು ‘ಆಡುಮುಟ್ಟದ ಸೊಪ್ಪು’ ಎಂದೂ ಕರೆಯುತ್ತದೆ. ತಮಿಳಿನಲ್ಲೂ ಅದರ ಹೆಸರನ್ನು ‘ಆಡು ತೊಡಾ’, ಅಂದರೆ ಆಡು ಮುಟ್ಟದ್ದು, ಎಂದೇ ಬಿಡಿಸುತ್ತಾರೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಲ್ಯಾಟಿನ್ ಹೆಸರು ಕೊಟ್ಟಾಗ ‘ಅಧಾತೋಡ’ ಎಂಬುದನ್ನು ಉಳಿಸಿಕೊಂಡ. ತೆಂಕಣ ನಾಡಿನ ಯಾರೋ ಹಿತ್ತಲ ಬದಿಯಲ್ಲಿ ನಿಂತು ಆಡಿನ ಬಾಯಿಯನ್ನು ನೋಡಿ ಇಟ್ಟ ಹೆಸರು ಹೀಗೆ ಜಗತ್ತಿನ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಕೂತಿತು.

ಬೇಲಿಯ ಒಳಗೆ ಹೋಗಿಬರುವ ದಾರಿಗೂ ನಮ್ಮಲ್ಲಿ ಹಲವು ಹೆಸರುಗಳಿವೆ. ಮಲೆನಾಡಿನಲ್ಲಿ ಉಣುಗೋಲು, ದಣಪೆ, ತಡಮೆ. ಎರಡು ಕಂಬಗಳ ತೂತಿನಲ್ಲಿ ಅಡ್ಡಕ್ಕೆ ಬಿದಿರಿನ ಗಳ ತೂರಿಸಿದರೆ ಮನುಷ್ಯರು ಸರಿಸಿ ದಾಟಬಲ್ಲರು, ದನಕ್ಕೆ ಅದು ಆಗದು. ಎಲ್ಲರನ್ನೂ ತಡೆಯುವುದು ಗೋಡೆ. ಕೆಲವರನ್ನು ಬಿಟ್ಟು ಕೆಲವರನ್ನು ತಡೆಯುವುದು ಬೇಲಿ.

ಇದೇ ಮುಳ್ಳು ದೊಡ್ಡದಾಗಿ ಬೆಳೆದು ಕೋಟೆಗೂ ಕಾವಲಾಯಿತು. 1791ರ ಮಾರ್ಚಿನಲ್ಲಿ ಇಂಗ್ಲಿಷರ ಸೇನೆ ಬೆಂಗಳೂರು ಪೇಟೆಯ ಮೇಲೆ ಬಿದ್ದಾಗ ಕಂದಕದ ಜೊತೆಗೆ ದಟ್ಟವಾಗಿ ಬೆಳೆಸಿದ ಮುಳ್ಳಿನ ಪಟ್ಟಿಯೂ ಅವರಿಗೆ ಅಡ್ಡಬಂತು. ಮರುವರ್ಷ ಫೆಬ್ರುವರಿ 6ರ ರಾತ್ರಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಾಳಿ ಮಾಡಿದಾಗ ಮೊದಲು ದಾಟಬೇಕಾದದ್ದು ಪಟ್ಟಣದ ಸುತ್ತಲಿನ ಭಾರಿ ಮುಳ್ಳುಬೇಲಿಯನ್ನೇ. ಆಡು ತಡೆಯುವ ವಿದ್ಯೆ ಸೈನ್ಯ ತಡೆಯುವ ವಿದ್ಯೆಯಾಗಿತ್ತು. ಎರಡೂ ಕಡೆ ನಿಯಮ ಒಂದೇ: ಮುಳ್ಳು ಬರುವವರನ್ನು ತಡಮಾಡಿಸುತ್ತದೆ ಅಷ್ಟೆ, ಕಾವಲಿಗೆ ಜನ ಇಲ್ಲದಿದ್ದರೆ ದಾಟುವವರು ದಾಟಿಯೇ ತೀರುತ್ತಾರೆ.

ಹಾಗಾದರೆ ಕಾವಲಿಗೆ ಕೂರುತ್ತಿದ್ದವರು ಯಾರು? ಕಾವ್ಯವನ್ನು ಕೇಳಿದರೆ ಸುಂದರವಾದ ಉತ್ತರ ಸಿಗುತ್ತದೆ. ಕಾಳಿದಾಸನ ‘ರಘುವಂಶ’ದ ನಾಲ್ಕನೆಯ ಸರ್ಗದಲ್ಲಿ ಭತ್ತ ಕಾಯುವ ಹೆಂಗಸರು ಕಬ್ಬಿನ ನೆರಳಲ್ಲಿ ಕೂತು ರಘುವಿನ ಕೀರ್ತಿ ಹಾಡುತ್ತಾರೆ. ತಮಿಳಿನ ಸಂಗಂ ಕವಿತೆಗಳ ಕುರಿಂಜಿ ತಿಣೆಯಲ್ಲಿ ಬೆಟ್ಟದ ಹುಡುಗಿ ನವಣೆಯ ಹೊಲ ಕಾಯುತ್ತಾ ಗಿಳಿ ಓಡಿಸುತ್ತಾಳೆ, ಅಲ್ಲೇ ಪ್ರೇಮವೂ ಹುಟ್ಟುತ್ತದೆ. ಮುರುಗ ವಳ್ಳಿಯನ್ನು ಕಂಡದ್ದೂ ಹೀಗೆ ಹೊಲ ಕಾಯುತ್ತಿದ್ದಾಗಲೇ. ನಮ್ಮ ಜೋಳದ ಹೊಲಗಳ ಮಂಚಿಗೆ, ಕೈಯಲ್ಲಿ ಕವಣೆ, ಹಕ್ಕಿ ಕಾಯುವ ಹುಡುಗಿಯ ಕೂಗು, ಇವೂ ಆ ಪರಂಪರೆಗೇ ಸೇರಿದವು.

ದಾಖಲೆಗಳನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಈಸ್ಟ್ ಇಂಡಿಯಾ ಕಂಪನಿಯ ವ್ಯವಹಾರಗಳ ಬಗ್ಗೆ ಕೊಟ್ಟ ‘ಐದನೆಯ ವರದಿ’ಯಲ್ಲಿ ದಕ್ಷಿಣದ ಹಳ್ಳಿಯ ಕೆಲಸಗಾರರ ಪಟ್ಟಿಯಿದೆ. ಅದರಲ್ಲಿ ತಳವಾರನ ಕೆಲಸ ಅಪರಾಧಗಳ ಸುಳಿವು ಹಿಡಿಯುವುದು, ದಾರಿಹೋಕರಿಗೆ ಜೊತೆಯಾಗುವುದು. ತೋಟಿಯ ಕೆಲಸ ಊರೊಳಗಿನದು, ಬೆಳೆ ಕಾಯುವುದು ಮತ್ತು ಅಳತೆಗೆ ನೆರವಾಗುವುದು. ಮೈಸೂರು ಸೀಮೆಯ ಆಯಗಾರರಲ್ಲೂ ತೋಟಿ ಇದ್ದ. ಹೆಚ್ಚಿನ ಊರುಗಳಲ್ಲಿ ಅವನು ದಲಿತ ಕೇರಿಯವನು. ಸುಗ್ಗಿಯಲ್ಲಿ ಅವನಿಗೆ ಬರುತ್ತಿದ್ದದ್ದು ಕಣದ ಕಾಳಿನಲ್ಲಿ ಒಂದು ಪಾಲು. ತಾನು ಕಾಯುವ ಬೆಳೆ ತನ್ನದಲ್ಲ, ಆದರೆ ರಾತ್ರಿಯ ಚಳಿ, ಹಾವು, ಹಂದಿಯ ಕೋರೆ ತನ್ನದು. ಕಾವ್ಯದ ಹುಡುಗಿ ಹಗಲಿನಲ್ಲಿ ಗಿಳಿ ಓಡಿಸಿದಳು, ತೋಟಿ ರಾತ್ರಿ ಹಂದಿ ಓಡಿಸಿದ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಮೊದಲನೆಯವಳನ್ನು ಚೆನ್ನಾಗಿ ಬಲ್ಲೆವು. ಎರಡನೆಯವನು ಆಯದ ಲೆಕ್ಕದಲ್ಲಿ ಮಾತ್ರ ಸಿಗುತ್ತಾನೆ, ಅಲ್ಲೂ ಹೆಸರಿಲ್ಲದೆ.

ಹೆಸರು ಉಳಿದ ಕಾವಲುಗಾರನೂ ಒಬ್ಬನಿದ್ದಾನೆ, ಅದು ನಾಯಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಶಾಸನ ಎರಡು ಸಂಗತಿಗಳನ್ನು ಹೇಳುತ್ತದೆ. ಒಂದು, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತದ್ದು. ಇನ್ನೊಂದು, ಆ ಯುದ್ಧದ ವೀರ ಮಣಲೇರ ಗಂಗ ಬೂತುಗನಿಂದ ಮೆಚ್ಚುಗೆಯಾಗಿ ‘ಕಾಳಿ’ ಎಂಬ ನಾಯಿಯನ್ನು ಪಡೆದದ್ದು, ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ ಎರಡೂ ಸತ್ತದ್ದು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಎದುರುಬದುರಾಗಿ ಕಾದಾಡುವ ಆ ಶಿಲ್ಪ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಬೇಟೆಯ ಪ್ರಸಂಗವೇ ಹೊರತು ಹಿತ್ತಲ ಕಾವಲಿನದಲ್ಲ. ಆದರೂ ಹಂದಿಯ ಎದುರು ಮನುಷ್ಯರ ಪರವಾಗಿ ನಿಂತ ಸಾಕುಪ್ರಾಣಿಗೆ ಸಮಾಜ ಎಷ್ಟು ದೊಡ್ಡ ಜಾಗ ಕೊಟ್ಟಿತ್ತು ಎಂಬುದು ಆ ಕಲ್ಲಿನಿಂದ ತಿಳಿಯುತ್ತದೆ. ಸೊಪ್ಪಿನ ಮಡಿಯ ಮೇಲೆ ಮಲಗಿ ಬೈಸಿಕೊಳ್ಳುವ ನಾಯಿಯೇ ರಾತ್ರಿ ಹಿತ್ತಲಿಗೆ ಹಂದಿ ಬಾರದಂತೆ ಬೊಗಳುವ ನಾಯಿಯೂ ಹೌದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವ್ಯವಹಾರ ಊರ ಚಾವಡಿಯಿಂದ ಕಾನೂನಿನ ಪುಸ್ತಕಕ್ಕೆ ಹೋಯಿತು. ಬ್ರಿಟಿಷ್ ಆಡಳಿತ 1871ರಲ್ಲಿ ದನಗಳ ಅತಿಕ್ರಮ ಪ್ರವೇಶದ ಕಾಯಿದೆ ತಂದಿತು. ಬೆಳೆಗೆ ನುಗ್ಗಿದ ದನವನ್ನು ಬೆಳೆಯ ಒಡೆಯ ಹಿಡಿಯಬಹುದು, 24 ಗಂಟೆಗಳ ಒಳಗೆ ಸರ್ಕಾರ ಗೊತ್ತುಮಾಡಿದ ದೊಡ್ಡಿಗೆ ಹೊಡೆದುಕೊಂಡು ಹೋಗಬೇಕು. ದನದ ಒಡೆಯ ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಳ್ಳಬೇಕು. ಬಾರದಿದ್ದರೆ ದನ ಹರಾಜಿಗೆ. ಉತ್ತರ ಕರ್ನಾಟಕದಲ್ಲಿ ಇದೇ ದೊಡ್ಡಿ ಕೊಂಡವಾಡವಾಯಿತು. ಹಂದಿ ಸಾಕುವವರಿಗಂತೂ ಪ್ರತ್ಯೇಕ ಕಲಮು: ಅವರ ಅಲಕ್ಷ್ಯದಿಂದ ಹಂದಿ ಬೆಳೆ ಕೆಡಿಸಿದರೆ 10 ರೂಪಾಯಿಯವರೆಗೆ ದಂಡ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ, ಹಂದಿ ಸಾಕುತ್ತಿದ್ದವರು ಊರಿನಲ್ಲಿ ಅತಿ ಬಡವರು ಎಂಬುದನ್ನು ನೆನೆದರೆ ಇನ್ನೂ ದೊಡ್ಡದು.

ಈ ಕಾಯಿದೆ ಒಂದು ತತ್ವವನ್ನು ನಿಶ್ಚಯಪಡಿಸಿತು: ಪ್ರಾಣಿಯನ್ನು ಹತೋಟಿಯಲ್ಲಿಡುವುದು ಅದರ ಒಡೆಯನ ಹೊಣೆ. ಬೇಲಿ ಗಟ್ಟಿಯಿರಲಿಲ್ಲ ಎಂದು ತರಕಾರಿ ಬೆಳೆದವರನ್ನು ದೂರುವಂತಿಲ್ಲ. ದಂಡದ ಹಣವೇನೋ ದೊಡ್ಡಿಯ ಖಾತೆಗೆ ಹೋಗುತ್ತಿತ್ತು. ಬೆಳೆಯ ನಷ್ಟ ಬೇಕಾದರೆ ಬೇರೆಯಾಗಿ ದಾವೆ ಹೂಡಬೇಕಿತ್ತು. ಆದರೂ ದೂರಲು ಒಬ್ಬ ಎದುರಾಳಿಯಿದ್ದ. ಈ ಕಾಯಿದೆಯ ಮೂರನೆಯ ಕಲಮನ್ನು ಓದಿದಾಗ ನನಗೆ ತುಂಬ ಕುತೂಹಲ ಹುಟ್ಟಿಸಿದ್ದು ‘ದನ’ ಎಂಬ ಮಾತಿನ ವ್ಯಾಖ್ಯೆ. ಎಮ್ಮೆ, ಕುದುರೆ, ಕತ್ತೆ, ಒಂಟೆ, ಹಂದಿ, ಕುರಿ, ಆಡುಗಳ ಜೊತೆಗೆ ಅಲ್ಲಿ ಆನೆಯೂ ದನವೇ. ಸಾಕಿದ ಆನೆ ನಿಮ್ಮ ಕಬ್ಬಿಗೆ ನುಗ್ಗಿದರೆ ಕಾನೂನಿನ ಪ್ರಕಾರ ಅದನ್ನು ದೊಡ್ಡಿಗೆ ಅಟ್ಟಬಹುದಿತ್ತು!

ಅದೇ ಶತಮಾನದಲ್ಲಿ ಬೇಲಿಯ ವಸ್ತುವೂ ಬದಲಾಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ವೈದ್ಯ ಜೇಮ್ಸ್ ಆಂಡರ್ಸನ್, ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳುವನ್ನು ಇಲ್ಲಿ ಸಾಕಿಸಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ಬೆನ್ನುಹತ್ತಿದ. ಹುಳುವಿನ ಮೇವಿಗೆ ಅಮೆರಿಕ ಮೂಲದ ಕಳ್ಳಿಯ ತೋಟ ಎದ್ದಿತು. ಬಣ್ಣದ ವ್ಯಾಪಾರ ಕುದುರಲಿಲ್ಲ, ಕಳ್ಳಿ ಮಾತ್ರ ಉಳಿಯಿತು. ಎಲೆ ಚಪ್ಪಲಿಯ ಆಕಾರದಲ್ಲಿದ್ದುದರಿಂದ ಆ ಜಾತಿಯ ಕಳ್ಳಿಗಳಿಗೆ ಕನ್ನಡಿಗರು ಪಾಪಾಸುಕಳ್ಳಿ ಎಂದರು. ಪಾಪಾಸು ಎಂದರೆ ಪಾರ್ಸಿಯಿಂದ ಬಂದ ಮಾತು, ಮೆಟ್ಟು ಎಂದರ್ಥ. ತುಂಡು ಬಿದ್ದಲ್ಲಿ ಬೇರುಬಿಡುವ ಈ ಕಳ್ಳಿಗಳನ್ನು ಬೇಲಿಗೆ ನೆಟ್ಟರು. ಅವು ಬೇಲಿಯಲ್ಲಿ ನಿಲ್ಲದೆ ಹೊಲ, ಗೋಮಾಳ ಹಬ್ಬಿದವು. ಕೊನೆಗೆ 1926ರಲ್ಲಿ ಕೊಚಿನೀಲ್ ಬಳಗದ ಇನ್ನೊಂದು ಹುಳುವನ್ನು ಶ್ರೀಲಂಕಾದಿಂದ ತಂದು ಬಿಟ್ಟ ಮೇಲೆ ದಕ್ಷಿಣದಲ್ಲಿ ಅದರ ಹಾವಳಿ ಇಳಿಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ತೋಟಕ್ಕೆ ಬಂದ ಲಂಟಾನದ್ದೂ ಇದೇ ಕಥೆ, ಆದರೆ ಅದಕ್ಕೆ ಅಂಥ ಮುಕ್ತಾಯ ಸಿಗಲಿಲ್ಲ. ಬೇಲಿಗೆ ನೆಟ್ಟದ್ದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳ ನೆಲ ಮುಚ್ಚಿತು, ಹುಲ್ಲು ಕಡಿಮೆಯಾಯಿತು. ಬೇಲಿಯೇ ಎದ್ದು ಹೊಲವನ್ನಷ್ಟೇ ಅಲ್ಲ, ಕಾಡನ್ನೂ ಮೇಯ್ದಿತು. ಇತ್ತ 1874ರಲ್ಲಿ ಅಮೆರಿಕದ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಆ ತಂತಿ ನಮ್ಮ ಕಲ್ಲುಕಂಬಗಳಿಗೆ ಬಂದ ಮೇಲೆ ಬೇಲಿ ದುಡ್ಡು ಕೊಟ್ಟು ತರುವ ವಸ್ತುವಾಯಿತು. ಬೇಲಿಯಿದ್ದವರು, ಬೇಲಿಯಿಲ್ಲದವರು ಎಂಬ ಭೇದಕ್ಕೆ ಅಂಗಡಿಯ ಲೆಕ್ಕವೂ ಸೇರಿಕೊಂಡಿತು.

ಕಾಡುಪ್ರಾಣಿಯ ವಿಷಯದಲ್ಲಿ ರೈತನ ಕೈಯಲ್ಲಿದ್ದ ಕೊನೆಯ ಸಾಧನ ಕೋವಿ. 1878ರ ಶಸ್ತ್ರಾಸ್ತ್ರ ಕಾಯಿದೆ ಕೋವಿಗೆ ಪರವಾನಗಿ ಕಡ್ಡಾಯ ಮಾಡಿತು, ಕೊಡವರಿಗೆ ವಿನಾಯಿತಿ ಸಿಕ್ಕಿತು. 1959ರ ಕಾಯಿದೆ ಬೆಳೆ ರಕ್ಷಣೆಗೆಂದು ನಳಿಕೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ಅವಕಾಶ ಉಳಿಸಿತು. ಮಲೆನಾಡು, ಕರಾವಳಿಯ ರೈತರು ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಿ ಬರುವ ಕೋವಿಗಳ ಮೂಲ ಇಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೋವಿ ಇದ್ದರೂ ಗುಂಡು ಹಾರಿಸುವ ಹಕ್ಕು ರೈತನದ್ದಲ್ಲ. ಅದಕ್ಕೆ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಆ ಕಾಯಿದೆ ಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1971ರಲ್ಲಿ, ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದಿತ್ತು. ಸ್ಯಾಂಡರ್ಸನ್ 1870ರ ದಶಕದಲ್ಲಿ ಮೈಸೂರಿನಲ್ಲಿ ಶುರುಮಾಡಿದ ಈ ಆನೆ ಹಿಡಿಯುವ ಕಾರ್ಯಾಚರಣೆ ಮುಂದೆ ಅರಮನೆಯ ವೈಭವದ ಪ್ರದರ್ಶನವಾಗಿತ್ತು. ಅದು ನಿಂತಿತು, ಆನೆ ಉಳಿಯಿತು. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ನಾವು ಹೆಮ್ಮೆಪಡಬೇಕಾದ ಸಂಖ್ಯೆ ಅದು. ಆದರೆ ಈ ಎರಡು ಕಾಯಿದೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ಅಂತರ ಎದ್ದು ಕಾಣುತ್ತದೆ. 1871ರ ಕಾಯಿದೆಯಲ್ಲಿ ಮೇಯ್ದ ಪ್ರಾಣಿಯ ಹಿಂದೆ ಒಬ್ಬ ಒಡೆಯನಿದ್ದಾನೆ, ಅವನು ತೆರುವುದರ ಹೆಸರು ‘ದಂಡ’. 1972ರ ಕಾಯಿದೆಯ 39ನೆಯ ಕಲಮು ಸತ್ತು ಬಿದ್ದ ಕಾಡುಪ್ರಾಣಿ ಸರ್ಕಾರದ ಆಸ್ತಿ ಎನ್ನುತ್ತದೆ. ಅದೇ ಪ್ರಾಣಿ ಬದುಕಿದ್ದು ಕುಂಬಳದ ಬಳ್ಳಿ ತುಳಿದಾಗ ಅಂಥ ಒಡೆತನದ ಮಾತಿಲ್ಲ. ಆಗ ರೈತನಿಗೆ ಅರಣ್ಯ ಇಲಾಖೆ ಕೊಡುವ ಹಣಕ್ಕೆ ಸರ್ಕಾರಿ ಕನ್ನಡದಲ್ಲಿ ‘ದಯಾತ್ಮಕ ಧನ’ ಎಂದು ಹೆಸರು. ದಂಡದಿಂದ ದಯೆಗೆ ಬಂದ ಈ ದಾರಿಯಲ್ಲಿ ತರಕಾರಿ ಬೆಳೆದವರ ಸ್ಥಾನ ಬದಲಾಗಿದೆ. ಅಲ್ಲಿ ಅವರು ಫಿರ್ಯಾದಿ, ಇಲ್ಲಿ ಅರ್ಜಿದಾರರು.

ಕಾಡಂಚಿನಲ್ಲಿ ಬೇಲಿಗಳು ಈಗ ಸರ್ಕಾರದವು: ಆನೆ ಕಂದಕ, ಸೌರ ವಿದ್ಯುತ್ತಿನ ತಂತಿ, ಹಳೆಯ ರೈಲುಹಳಿಯ ತಡೆ. ನಾಗರಹೊಳೆಯ ವೀರನಹೊಸಹಳ್ಳಿ ಭಾಗದಲ್ಲಿ 2018ರ ಡಿಸೆಂಬರ್‌ನಲ್ಲಿ ಇಂಥ ಹಳಿಬೇಲಿ ದಾಟಲು ಹೋಗಿ ಸಿಕ್ಕಿಕೊಂಡು ಒಂದು ಆನೆ ಸತ್ತಿತು. ದೊಡ್ಡ ಬೇಲಿಗಳು ತಲುಪದ ಸಣ್ಣ ಹಿಡುವಳಿಗಳಲ್ಲಿ ಜನ ತಮಗೆ ತೋಚಿದ್ದನ್ನು ಮಾಡುತ್ತಿದ್ದಾರೆ. ಹಂದಿಗೆ ಹೆದರಿಕೆಯಾಗಲೆಂದು ಹಳೆಯ ಸೀರೆಗಳನ್ನು ಹೊಲದ ಸುತ್ತ ಕಟ್ಟುತ್ತಾರೆ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ಮಂಗಗಳನ್ನು ಬೆದರಿಸಲು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಓದಿದವರು ನಕ್ಕರು. ಆತಕೂರಿನ ಕಾಳಿಯಿಂದ ಈ ಪಟ್ಟೆನಾಯಿಯವರೆಗೆ ಸಾವಿರದ ಎಪ್ಪತ್ತು ವರ್ಷ. ಅಂದು ನಾಯಿಯಾಗಿಯೇ ಹಂದಿಯ ಮೇಲೆ ಬಿದ್ದದ್ದು, ಇಂದು ಹುಲಿಯ ವೇಷ ತೊಟ್ಟು ಮಂಗನೆದುರು ನಿಂತಿದೆ. ಕೋವಿ ಎತ್ತುವಂತಿಲ್ಲ, ತಂತಿಗೆ ದುಡ್ಡಿಲ್ಲ, ಕಾಯಲು ಮನೆಯಲ್ಲಿ ಹುಡುಗರಿಲ್ಲ ಎಂಬಲ್ಲಿ ಉಳಿಯುವುದು ಉಪಾಯ ಮಾತ್ರ.

ಕಾಯಲು ಜನ ಇಲ್ಲ ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ತೋಟಿಯ ಮಗ ಶಾಲೆಗೆ ಹೋದ, ಹಕ್ಕಿ ಕಾಯುತ್ತಿದ್ದ ಹುಡುಗಿಯೂ ಹೋದಳು. ಅದು ಆಗಬೇಕಾದದ್ದೇ ಆಗಿತ್ತು. ಹಳೆಯ ಕಾವಲು ಚೆನ್ನಾಗಿ ನಡೆಯುತ್ತಿತ್ತು ಎಂದು ಹಳಹಳಿಸುವವರು, ಅದು ಯಾರ ನಿದ್ದೆಯ ಮೇಲೆ ನಡೆಯುತ್ತಿತ್ತು ಎಂಬುದನ್ನು ಬಿಟ್ಟುಬಿಡುತ್ತಾರೆ. ಆದರೆ ಆ ಜಾಗಕ್ಕೆ ಬೇರೆ ಏರ್ಪಾಡು ಬರಲಿಲ್ಲ. ಬಂದದ್ದು ಮನೆಯಲ್ಲಿ ಉಳಿದ ವಯಸ್ಸಾದ ಗಂಡ ಹೆಂಡತಿ, ಒಂದು ಟಾರ್ಚು, ತಗಡಿನ ಡಬ್ಬ. ಎರಡು ವರ್ಷ ಹಂದಿ ಗೆಡ್ಡೆ ಅಗೆದರೆ, ಮಂಗ ಕಾಯಿ ಕಿತ್ತರೆ ಅವರು ಮೂರನೆಯ ವರ್ಷ ಬೀಜ ಹಾಕುವುದಿಲ್ಲ, ಸಂತೆಯಿಂದ ತರುತ್ತಾರೆ. ಹೀಗೆ ಬಿಟ್ಟುಹೋದ ಹಿತ್ತಲು ಬೆಳೆನಷ್ಟದ ಪಟ್ಟಿಯಲ್ಲಿ ಬರುವುದಿಲ್ಲ. ಬೆಳೆದೇ ಇಲ್ಲದ್ದಕ್ಕೆ ನಷ್ಟ ಎಲ್ಲಿಂದ? ಆ ಹಿತ್ತಲಿನ ಜೊತೆಗೆ ಮನೆಯ ಹೆಂಗಸರು ವರ್ಷದಿಂದ ವರ್ಷಕ್ಕೆ ಬೂದಿಯಲ್ಲಿಟ್ಟು ಉಳಿಸಿಕೊಂಡು ಬಂದ ಊರಿನ ಬದನೆ, ಸೌತೆ, ಅವರೆಯ ಬೀಜವೂ ಹೋಗುತ್ತದೆ.

ಚರಿತ್ರೆ ಓದುವವರಿಗೆ ಇಲ್ಲಿ ಕೆಲಸವಿದೆ. ಬೇಲಿಯ ಉದ್ದ ಇಲಾಖೆಯ ವರದಿಗಳಲ್ಲಿ ಸಿಗುತ್ತದೆ, ದೊಡ್ಡಿಯ ವರಮಾನ ಹಳೆಯ ಲೆಕ್ಕಪತ್ರಗಳಲ್ಲಿ ಸಿಗುತ್ತದೆ. ಕಾವಲಿನ ರಾತ್ರಿಗಳು ಎಲ್ಲೂ ಬರೆದಿಲ್ಲ. ಅವು ಇನ್ನೂ ಬದುಕಿರುವ ಕೆಲವರ ನೆನಪಿನಲ್ಲಿವೆ: ಮಂಚಿಗೆಯ ಮೇಲೆ ಎಷ್ಟು ಜನ ಮಲಗುತ್ತಿದ್ದರು, ಕೂಗು ಯಾವ ಹೊಲದಿಂದ ಯಾವ ಹೊಲಕ್ಕೆ ದಾಟುತ್ತಿತ್ತು, ಆಯದ ಕಾಳು ಯಾವ ವರ್ಷ ನಿಂತಿತು, ಹಿತ್ತಲಿಗೆ ಕೊನೆಯ ಸಲ ಬೀಜ ಹಾಕಿದ್ದು ಯಾವಾಗ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಮೊದಲು ಉಣುಗೋಲಿಗೆ ನಿಮ್ಮ ಕಡೆ ಏನನ್ನುತ್ತಿದ್ದರು ಎಂದು ಕೇಳಿ. ಆಮೇಲೆ ರಾತ್ರಿ ಕಾಯಲು ಹೋಗುತ್ತಿದ್ದವರ ಹೆಸರು ಕೇಳಿ, ಬರೆದಿಟ್ಟುಕೊಳ್ಳಿ.